ಐದನೇ ಸಾಲು

"ನೀವು ಕಳಿಸಿದ್ದು ಇನ್ಸುಲಿನ್ನೋ, ನೀರೋ?"

ಜಗಳೂರಿನ ಡಾಕ್ಟರಮ್ಮ ಫೋನಿನಲ್ಲಿ ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹನ್ನೊಂದು ವರ್ಷದ ಹುಡುಗಿ. ಚೈತ್ರಶ್ರೀ ಅಂತ. ಮೂರು ದಿನದಿಂದ ಅವರಮ್ಮ ಗಾದ್ರಮ್ಮ ಹೊತ್ತಿಗೆ ಸರಿಯಾಗಿ ಸೂಜಿ ಚುಚ್ಚಿದಾಳೆ. ಆದ್ರೂ ಶುಗರ್ ಏರ್ತಾನೇ ಹೋಗೈತೆ. ಬೆಳಿಗ್ಗೆ ಎಬ್ಬಿಸಿದ್ರೆ ಎದ್ದಿಲ್ಲ. ಐನೂರಾ ನಲವತ್ತು ಇತ್ತು. ದಾವಣಗೆರೆಗೆ ಆಂಬುಲೆನ್ಸ್‌ನಾಗೆ ಕಳಿಸೀನಿ. ಬದುಕ್ತಾಳೋ ಇಲ್ಲೋ ಗೊತ್ತಿಲ್ಲ."

"ಡಾಕ್ಟ್ರೇ, ಸೀಸೆ...?"

"ನನ್ನ ಕೈಯಾಗೇ ಐತೆ. ಬೆಳಕಿಗೆ ಹಿಡಿದ್ರೆ ಗಾಜಿಗೆ ಕಾಳುಕಾಳು ಅಂಟಿಕೊಂಡಿದಾವೆ. ಇದು ಒಂದ್ಸಲ ಹೆಪ್ಪುಗಟ್ಟಿ ಕರಗಿದ ಔಷಧಿ. ಬ್ಯಾಚ್ ನಂಬರ್ ಬರ್ಕೊಳ್ರಿ. ನಾಲ್ಕು, ನಾಲ್ಕು, ಒಂದು, ಏಳು."

ನಾನು ದುರ್ಗಾಂಬಿಕಾ. ಚನ್ನಗಿರಿಯ ತಿಪ್ಪೇಶಪ್ಪ ಫಾರ್ಮಾ ಏಜೆನ್ಸಿಯಲ್ಲಿ ಫಾರ್ಮಸಿಸ್ಟ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ನಮ್ಮ ಗೋದಾಮು, ನಾಲ್ಕರಲ್ಲೂ ಶೀತಲ ಕೋಣೆ. ಎರಡರಿಂದ ಎಂಟು ಡಿಗ್ರಿಯೊಳಗೆ ಇನ್ಸುಲಿನ್ ಇರಬೇಕು. ಬಿಸಿಯಾದರೆ ಕೆಡುತ್ತದೆ. ಹೆಪ್ಪುಗಟ್ಟಿದರೆ ಇನ್ನೂ ಬೇಗ ಕೆಡುತ್ತದೆ. ಕರಗಿದ ಮೇಲೆ ಸುಮ್ಮನೆ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಬ್ಯಾಚ್ ಹುಡುಕಿದೆ. ಇನ್ನೂರ ಹನ್ನೆರಡು ಸೀಸೆ, ನಾಲ್ಕೂ ಊರಿಗೆ ಹಂಚಿಹೋಗಿತ್ತು. ನಮ್ಮ ಚನ್ನಗಿರಿ ಗೋದಾಮಿನಿಂದ ಹೊರಗೆ ಹೋದದ್ದು ಮೇ ಹದಿನಾಲ್ಕರ ಸಂಜೆ. ಕಳಿಸಿದವರ ಹೆಸರಿನ ಜಾಗದಲ್ಲಿ — ದುರ್ಗಾಂಬಿಕಾ.

ಹನ್ನೆರಡರಿಂದ ಹದಿನಾಲ್ಕರವರೆಗೆ ನಾನು ರಜೆಯಲ್ಲಿದ್ದೆ. ಬಸವಾಪಟ್ಟಣದಲ್ಲಿ, ತಂಗಿಯ ಮಗುವಿನ ನಾಮಕರಣದಲ್ಲಿ.

ಯಜಮಾನರ ಕೋಣೆಗೆ ಓಡಿದೆ.

*

ಹತ್ತು ನಿಮಿಷದಲ್ಲಿ ಎಲ್ಲರೂ ಯಜಮಾನರಾದ ತಿಪ್ಪೇಶಪ್ಪನವರ ಮೇಜಿನ ಮುಂದಿದ್ದೆವು. ಅವರ ಅಳಿಯ, ಮ್ಯಾನೇಜರ್ ಪ್ರದೀಪ್. ಔಷಧಿ ಸಾಗಿಸುವ ವ್ಯಾನಿನ ಚಾಲಕ ಮುಜೀಬ್. ಫೋನಿನ ಸ್ಪೀಕರಿನಲ್ಲಿ ಜಗಳೂರು ಗೋದಾಮಿನ ಮರುಳಸಿದ್ದಪ್ಪ. ಮೂಲೆಯಲ್ಲಿ, ಎರಡು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಗೌಸಿಯಾ ಮೇಡಂ.

ಗೌಸಿಯಾ ಮೇಡಂ ನಮ್ಮ ಕಂಪನಿಯವರಲ್ಲ. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವರು. ನಮ್ಮ ಸರಕು ಸಾಗಣೆ, ಶೀತಲ ಕೋಣೆಗಳ ತಾಪಮಾನ ಎಲ್ಲವನ್ನೂ ಒಂದೇ ಕಡೆ ಸುರಿದಿಟ್ಟು, ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ತೆಗೆಯುವಂಥ ಕ್ಲೌಡ್ ಡೇಟಾ ಗೋದಾಮೊಂದನ್ನು ಬಾಡಿಗೆಗೆ ಹಿಡಿಯಬೇಕೆಂದು ಯಜಮಾನರಿಗೆ ಆಸೆ. ಎರಡು ಕಂಪನಿಗಳು ಒಂದು ತಿಂಗಳು ಪುಕ್ಕಟೆ ಬಳಸಲು ಕೊಟ್ಟಿದ್ದವು. ಒಂದು ವಿದೇಶದ್ದು, ಆಲ್ಟೋಸ್ಟೋರ್. ಇನ್ನೊಂದು ಇಲ್ಲಿನವರದ್ದೇ, ಹಗೇವು. ಒಂದೇ ಮಾಹಿತಿಯನ್ನು ಎರಡಕ್ಕೂ ಹರಿಸಿ, ಒಂದೇ ಪ್ರಶ್ನೆಯನ್ನು ಎರಡಕ್ಕೂ ಕೇಳಿ, ಯಾವುದು ನಮಗೆ ಹೊಂದುತ್ತದೆಂದು ಹೇಳುವುದು ಮೇಡಂ ಕೆಲಸ. ಅವರ ಹಾಳೆಯನ್ನು ನಾನು ದಿನಾ ನೋಡುತ್ತಿದ್ದೆ. ಆಲ್ಟೋಸ್ಟೋರ್: ನಾಲ್ಕು ಸೆಕೆಂಡು, ಉತ್ತರ ಐದು ಸಾಲು, ಪ್ರತಿ ಪ್ರಶ್ನೆಗೂ ಬಿಲ್ಲು. ಹಗೇವು: ಹನ್ನೊಂದು ಸೆಕೆಂಡು, ಉತ್ತರ ಐದು ಸಾಲು, ತಿಂಗಳಿಗೊಂದೇ ಬಿಲ್ಲು. ಪಕ್ಕದಲ್ಲಿ ಪೆನ್ಸಿಲ್ಲಿನ ಟಿಕ್ ಗುರುತು.

"ತಾಪಮಾನದ ದಾಖಲೆ ಏನ್ ಹೇಳ್ತೈತೆ?" ಯಜಮಾನರು ಕೇಳಿದರು.

"ನಾಲ್ಕೂ ಕೋಣೆ ಸರಿಯಾಗೇ ಇದಾವೆ ಮಾವ," ಎಂದರು ಪ್ರದೀಪ್. "ತಿಂಗಳಿಡೀ ಒಂದು ಡಿಗ್ರಿನೂ ಆಚೀಚೆ ಆಗಿಲ್ಲ. ಅದನ್ನ ನೋಡೇ ಅಲ್ವಾ ಹದಿನೈದನೇ ತಾರೀಖು ಬೆಂಗಳೂರಿನ ಆಸ್ಪತ್ರೆಯೋರು ನಮಗೆ ಕಾಂಟ್ರ್ಯಾಕ್ಟ್ ಕೊಟ್ಟಿದ್ದು?"

"ಹಂಗಾದ್ರೆ ಹೆಪ್ಪುಗಟ್ಟಿದ್ದು ಎಲ್ಲಿ?"

ಫೋನಿನಿಂದ ಮರುಳಸಿದ್ದಪ್ಪನ ದನಿ ಬಂತು. "ನನ್ನ ಕೋಣ್ಯಾಗಂತೂ ಅಲ್ಲ ಯಜಮಾನ್ರೇ. ಮುಜೀಬ್ ಪೆಟ್ಟಿಗೇಲಿ ಐಸ್ ಜಾಸ್ತಿ ತುಂಬ್ತಾನೆ. ಎಷ್ಟ್ ಸಲ ಹೇಳೀನಿ!"

ಮುಜೀಬ್ ಮುಂದೆ ಬಂದ. "ಅಲ್ಲಾನ ಆಣೆ ಸಾಹೇಬ್ರೇ, ಐಸಿಗೂ ಸೀಸೆಗೂ ನಡುವೆ ಥರ್ಮಾಕೋಲ್ ಇಟ್ಟೇ ಇಟ್ಟಿರ್ತೀನಿ. ಹದಿನೈದು ವರ್ಷ ಆತು ಗಾಡಿ ಹೊಡ್ಯಾಕೆ ಹತ್ತಿ. ನನಗೂ ಮಕ್ಕಳಿದಾರೆ."

"ಹಂಗಾದ್ರೆ ಆ ಹುಡುಗಿಗೆ ಹಿಂಗಾಗಾಕೆ ಕಾರಣ ಯಾರು?" ಯಜಮಾನರು ಮೇಜು ಗುದ್ದಿದರು.

ನಾನೇ ಬಾಯಿ ತೆರೆದೆ. "ಯಜಮಾನ್ರೇ, ಮೊದ್ಲು ನಾಲ್ಕೂ ಊರಿನಿಂದ ಆ ಬ್ಯಾಚ್ ವಾಪಸ್ ತರಿಸಾನ. ಕಾರಣ ಆಮೇಲೆ ಹುಡುಕಿದ್ರಾತು."

"ದಾಖಲೆ ಸರಿ ಇರುವಾಗ ನಾಲ್ಕೂರಾಗೆ ಡಂಗುರ ಹೊಡ್ಯಾಕೆ ಆಗ್ತೈತೇನಮ್ಮ? ನಲವತ್ತು ವರ್ಷದ ಹೆಸರು ಇದು. ಜಗಳೂರಿನದ್ದು ಮಾತ್ರ ತರಿಸ್ರಿ."

ಪ್ರದೀಪ್ ಮಹಡಿ ಹತ್ತಿ ತಮ್ಮ ಕ್ಯಾಬಿನ್ನಿಗೆ ಹೋಗಿ, ತಣ್ಣಗಿನ ನೀರಿನ ಬಾಟಲಿ ತಂದು ನನ್ನ ಮುಂದಿಟ್ಟರು. ಮೆಲ್ಲಗೆ ಹೇಳಿದರು: "ಸುಮ್ನಿರ್ರಿ ದುರ್ಗಾ ಅವರೇ. ಸರಕು ಹೊರಗೆ ಹೋಗಿರೋದು ನಿಮ್ಮ ಹೆಸರಿನಾಗೆ ಐತೆ. ಹೆಚ್ಚು ಕೆದಕಿದ್ರೆ ಮೊದ್ಲು ನಿಮ್ಮ ಲೈಸೆನ್ಸಿಗೇ ಬರ್ತೈತೆ."

"ನಾನು ರಜೆಯಾಗಿದ್ದೆ ಸರ್! ಅರ್ಜೆಂಟ್ ಐತೆ ಅಂತ ನೀವೇ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ್ರಲ್ಲ?"

"ಕೊಟ್ಟಿದ್ದು ತಪ್ಪಲ್ವಾ?"

ನಾನು ಸುಮ್ಮನಾದೆ. ಈಗಲೂ ನನ್ನನ್ನು ಚುಚ್ಚುವುದು ಆ ಸುಮ್ಮನಾದ ಗಳಿಗೆಯೇ. ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ ಎಷ್ಟು ಜನ ಅಷ್ಟು ಹೊತ್ತಿಗೆ ಸೂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರೋ!

"ಮೇಡಂ," ಪ್ರದೀಪ್ ಮೂಲೆಗೆ ತಿರುಗಿದರು, "ನಿಮ್ದೂ ಇವತ್ತಿಗೆ ಮುಗಿಸ್ಬಿಡ್ರಿ. ಆಲ್ಟೋಸ್ಟೋರ್ ಫಾಸ್ಟ್ ಐತೆ, ಅದನ್ನೇ ತಗೊಳ್ಳಾನ. ಹಗೇವು ಅಳಿಸಿಹಾಕ್ರಿ."

"ಅಳಿಸೋಕೆ ಐದು ನಿಮಿಷ ಸಾಕು," ಎಂದರು ಗೌಸಿಯಾ ಮೇಡಂ. "ಅದಕ್ಕೆ ಮುಂಚೆ ದುರ್ಗಾ ಅವರ ಹತ್ರ ಸ್ವಲ್ಪ ಮಾತಾಡಬೇಕು."

*

ಅವರು ನನ್ನನ್ನು ಗೋದಾಮಿನೊಳಗೆ ಕರೆದುಕೊಂಡು ಹೋದರು. ಶೀತಲ ಕೋಣೆಯ ಬಾಗಿಲು ತೆರೆದೆ. ಗೇಣು ದಪ್ಪದ ಗೋಡೆ. ಒಳಗಿನ ಮೊಳೆಗೆ, ತಾಪಮಾನ ಅಳೆದು ಹತ್ತು ನಿಮಿಷಕ್ಕೊಮ್ಮೆ ಕಳಿಸುವ ಅಂಗೈಯಗಲದ ಸೆನ್ಸರ್ ತೂಗಾಡುತ್ತಿತ್ತು.

"ಇದನ್ನ ಮೊಳೆಯಿಂದ ತೆಗೀಬಹುದಾ?"

"ತೆಗೀಬಹುದು. ಬ್ಯಾಟರಿ ಮೇಲೆ ನಡೀತೈತೆ."

"ಮಾಹಿತಿ ಹೆಂಗೆ ಕಳಿಸುತ್ತೆ?"

"ವೈಫೈ. ಈ ಕೋಣೆಗಂತ ಒಳಗೇ ಒಂದು ಪೆಟ್ಟಿಗೆ ಐತೆ ನೋಡ್ರಿ. ಹೊರಗಿನ ಸಿಗ್ನಲ್ ಈ ಗೋಡೆ ದಾಟಲ್ಲ."

"ಬೇರೆ ವೈಫೈ ಪೆಟ್ಟಿಗೆ ಐತಾ ಈ ಕಟ್ಟಡದಲ್ಲಿ?"

"ಮಹಡಿ ಮೇಲೊಂದು ಐತೆ."

ಅವರ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. "ನೀವು ರಜೆಗೆ ಹೋದಾಗ ಇಲ್ಲಿ ಯಾರಿದ್ರು?"

"ಹಮಾಲಿ ಸಣ್ಣಪ್ಪ ಇರಬೇಕಿತ್ತು. ಆದ್ರೆ ಅವನಿಗೂ ಪ್ರದೀಪ್ ಸರ್ ರಜೆ ಕೊಟ್ಟಿದ್ರಂತೆ. ಉಬ್ರಾಣಿಗೆ ಹೋಗಿದ್ದ."

"ಅವನು ಕೇಳಿದ್ನಾ ರಜೆ?"

"ಇಲ್ಲ. ಕೇಳದೇ ಕೊಟ್ರು ಅಂತ ಖುಷಿಯಾಗಿ ಹೇಳಿದ್ದ..."

ಗೌಸಿಯಾ ಮೇಡಂ ತಮ್ಮ ಹಾಳೆಯನ್ನೇ ದಿಟ್ಟಿಸುತ್ತಿದ್ದರು.

"ಅರವತ್ತು ಸಲ ಕೇಳೀನಿ ದುರ್ಗಾ," ಎಂದರು. "ಅರವತ್ತು ಸಲ ಉತ್ತರ ಬಂದೈತೆ. ಒಂದು ಸಲನಾದ್ರೂ ಓದಬಾರದಿತ್ತಾ ನಾನು?"

*

ಮತ್ತೆ ಅದೇ ಮೇಜು. ಅದೇ ಜನ.

"ತಿಪ್ಪೇಶಪ್ಪನವರೇ, ನಿಮ್ಮ ಶೀತಲ ಕೋಣೆ ಎಷ್ಟು?" ಮೇಡಂ ಕೇಳಿದರು.

"ನಾಲ್ಕು."

"ಸೆನ್ಸರ್?"

"ಕೋಣೆಗೊಂದು. ನಾಲ್ಕು. ಯಾಕಮ್ಮ?"

"ಎರಡು ಕ್ಲೌಡ್‌ಗಳಲ್ಲಿ ಯಾವುದು ಚುರುಕು ಅಂತ ನೋಡೋಕೆ ನಾನು ದಿನಾ ಒಂದು ಭಾರೀ ಪ್ರಶ್ನೆ ಕೇಳ್ತಿದ್ದೆ — ಯಾವ ಸೆನ್ಸರು, ಯಾವ ವೈಫೈ ಮೂಲಕ, ಎಷ್ಟು ಸಲ ತಾಪಮಾನ ಕಳಿಸಿದೆ? ಸೆನ್ಸರು ನಾಲ್ಕು. ಅವು ತಮ್ಮ ತಮ್ಮ ಕೋಣೆ ಬಿಟ್ಟು ಕದಲಲ್ಲ. ಉತ್ತರ ಎಷ್ಟು ಸಾಲು ಬರಬೇಕು?"

"ನಾಲ್ಕೇ ಬರಬೇಕಲ್ಲ."

"ಐದು ಬಂದಿದೆ." ಅವರು ಎರಡೂ ಲ್ಯಾಪ್‌ಟಾಪನ್ನು ಯಜಮಾನರ ಕಡೆ ತಿರುಗಿಸಿದರು. "ಆಲ್ಟೋಸ್ಟೋರಲ್ಲೂ ಐದು, ಹಗೇವಲ್ಲೂ ಐದು. ನಾನು ಮಾಡಿದ ತಪ್ಪೇನು ಗೊತ್ತಾ? ಎರಡೂ ಒಂದೇ ಉತ್ತರ ಕೊಟ್ವಲ್ಲ, ಹಾಗಾದ್ರೆ ಸರಿ ಇದೆ ಅಂತ ಟಿಕ್ ಹಾಕಿದೆ. ಸೆಕೆಂಡು ಎಣಿಸಿದೆ, ಬಿಲ್ಲು ನೋಡಿದೆ. ಉತ್ತರ ಓದಲಿಲ್ಲ."

"ಐದನೇ ಸಾಲು ಯಾವುದು?"

"ಚನ್ನಗಿರಿ ಕೋಣೆಯ ಸೆನ್ಸರ್. ಮೇ ಹನ್ನೆರಡರ ಬೆಳಿಗ್ಗೆಯಿಂದ ಹದಿನಾಲ್ಕರ ಮಧ್ಯಾಹ್ನದವರೆಗೆ, ಐವತ್ತೆರಡು ಗಂಟೆ, ಅದು ಮಾತಾಡಿದ್ದು ಮಹಡಿ ಮೇಲಿನ ವೈಫೈ ಜೊತೆ. ಆ ಶೀತಲ ಕೋಣೆಯ ಗೋಡೆ ದಾಟಿ ಮೇಲಿನ ಸಿಗ್ನಲ್ ಒಳಗೆ ಬರಲ್ಲ. ಅಂದ್ರೆ ಸೆನ್ಸರ್ ಒಳಗಿರಲಿಲ್ಲ. ಅದು ತೋರಿಸಿದ ನಾಲ್ಕು ಡಿಗ್ರಿ ಶೀತಲ ಕೋಣೆಯದ್ದಲ್ಲ. ಮಹಡಿ ಮೇಲೆ ಇನ್ನೊಂದು ತಣ್ಣಗಿನ ಜಾಗ ಇದೆ, ಅದರದ್ದು."

ನನ್ನ ಕಣ್ಣು ಮೇಜಿನ ಮೇಲಿನ ನೀರಿನ ಬಾಟಲಿಗೆ ಹೋಯಿತು. ಯಜಮಾನರ ಕಣ್ಣೂ ಅಲ್ಲಿಗೇ ಹೋಯಿತು.

ಪ್ರದೀಪ್ ನಕ್ಕರು. ನಗು ಅರ್ಧಕ್ಕೇ ಒಣಗಿತು. "ಹಗೇವು ತಪ್ಪು ತೋರಿಸ್ತಿರಬೇಕು. ಅದಕ್ಕೇ ಅದು ಬ್ಯಾಡ ಅಂದಿದ್ದು."

"ಇವೆರಡು ಬೇರೆ ಬೇರೆ ಕಂಪನಿ ಪ್ರದೀಪ್ ಅವರೇ. ಒಂದಕ್ಕೊಂದು ಪರಿಚಯ ಇಲ್ಲ. ಎರಡೂ ಒಂದೇ ಸುಳ್ಳನ್ನ, ಒಂದೇ ನಿಮಿಷಕ್ಕೆ ಶುರುಮಾಡಿ, ಒಂದೇ ನಿಮಿಷಕ್ಕೆ ನಿಲ್ಲಿಸ್ತಾವಾ?"

ಪ್ರದೀಪ್ ನೀರಿನ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು.

"ಮಹಡಿ ಮೇಲಿರೋದು ಒಂದೇ ಕ್ಯಾಬಿನ್. ಅದರಲ್ಲಿ ಚಿಕ್ಕ ಫ್ರಿಜ್. ಬೀಗದ ಕೈ ನಿಮ್ಮೊಬ್ಬರ ಹತ್ರ. ಸಣ್ಣಪ್ಪನಿಗೆ ಕೇಳದ ರಜೆ ಕೊಟ್ಟೋರು ನೀವು. ದುರ್ಗಾ ಅವರ ಪಾಸ್‌ವರ್ಡ್ ಇಸ್ಕೊಂಡೋರೂ ನೀವು. ಆ ಮೂರು ದಿನ ಕೆಳಗಿನ ಕೋಣೆಗೆ ಏನಾಗಿತ್ತು? ಹೇಳ್ರಿ."

ಪ್ರದೀಪ್ ಕುರ್ಚಿ ಎಳೆದು ಕೂತರು.

"ಥರ್ಮೋಸ್ಟ್ಯಾಟ್ ಸಿಕ್ಕಿಹಾಕ್ಕೊಂಡಿತ್ತು. ಎರಡು ಡಿಗ್ರಿಗಿಂತ ಕೆಳಗಿಳಿಯೋ ಮುಂಚೆ ಸೆನ್ಸರ್ ತಂದು ನನ್ನ ಫ್ರಿಜ್‌ನಾಗಿಟ್ಟೆ, ಆಮೇಲೆ ಕೋಣೆ ಮೈನಸ್ ಏಳಕ್ಕೆ ಇಳೀತು. ಹದಿನೈದಕ್ಕೆ ಬೆಂಗಳೂರಿನೋರು ಬರೋರಿದ್ರು. ತಿಂಗಳ ದಾಖಲೇಲಿ ಒಂದು ಕಪ್ಪು ಚುಕ್ಕೆ ಇದ್ರೂ ಕಾಂಟ್ರ್ಯಾಕ್ಟ್ ಇಲ್ಲ ಅಂದಿದ್ರು. ಶಿವಮೊಗ್ಗದಿಂದ ಮೆಕ್ಯಾನಿಕ್ ಬರಾಕೆ ಎರಡು ದಿನ ಹಿಡೀತು..." ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು. "ಬಿಸಿಯಾದ್ರೆ ತಾನೇ ಮಾವ ಔಷಧಿ ಕೆಡೋದು? ತಣ್ಣಗಾದ್ರೆ ಏನಾಗ್ತೈತೆ ಅಂದ್ಕಂಡೆ. ಕರಗಿದ ಮೇಲೆ ನೋಡಾಕೆ ಚೆನ್ನಾಗೇ ಇತ್ತು."

"ನಿನ್ನ ಮಗಳಿಗೆ ಕೊಡ್ತಿದ್ದೇನೋ ಅದನ್ನ?" ಎಂದರು ತಿಪ್ಪೇಶಪ್ಪ. ದನಿ ಪಿಸುಮಾತಿನಷ್ಟೇ ಇತ್ತು.

ಆಮೇಲೆ ಅವರು ಮುಜೀಬನ ಕಡೆ ನೋಡಲಾರದೆ, ಫೋನ್ ಕೈಗೆತ್ತಿಕೊಂಡು ತಾವೇ ಔಷಧ ನಿಯಂತ್ರಣ ಇಲಾಖೆಗೆ ಕರೆ ಮಾಡಿದರು.

*

ಆಗ ಹನ್ನೊಂದೂ ಕಾಲು. ಕೆಟ್ಟದ್ದು ಚನ್ನಗಿರಿಯಲ್ಲೇ ಎಂದಮೇಲೆ ನಾಲ್ಕೂ ಊರಿಗೆ ಹೋದದ್ದೆಲ್ಲ ಕೆಟ್ಟದ್ದೇ. ಗೌಸಿಯಾ ಮೇಡಂ ಆಲ್ಟೋಸ್ಟೋರಿಗೆ ಪ್ರಶ್ನೆ ಹಾಕಿದರು: ಆ ಇನ್ನೂರ ಹನ್ನೆರಡು ಸೀಸೆ ಯಾವ ಯಾವ ಅಂಗಡಿಗೆ? ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ನಾನು, ಮೇಡಂ, ಮುಜೀಬ್ ಮೂರು ಫೋನು ಹಿಡಿದು ಕೂತೆವು. ಮಾರದೇ ಉಳಿದವು ನೂರಾ ಎಂಬತ್ತೊಂದು. ಮನೆಗಳಿಗೆ ಹೋದವು ಮೂವತ್ತೊಂದು.

ಎರಡು ಗಂಟೆಗೆ ಜಗಳೂರಿನ ಡಾಕ್ಟರಮ್ಮನ ಕರೆ ಬಂತು. ದಾವಣಗೆರೆ ಆಸ್ಪತ್ರೆಯಲ್ಲಿ ಚೈತ್ರಶ್ರೀ ಕಣ್ಣು ಬಿಟ್ಟಿದ್ದಾಳೆ. ಶುಗರ್ ಇಳಿಯುತ್ತಿದೆ. ನಾನು ಫೋನಿಟ್ಟು ಗೋಡೆಗೆ ಮುಖ ಮಾಡಿ ಅತ್ತೆ.

ಮೂವತ್ತು ಮನೆಯವರು ಸಿಕ್ಕರು. ಒಬ್ಬರು ಸಿಗಲಿಲ್ಲ. ನ್ಯಾಮತಿಯ ಹತ್ತಿರದ ಹಳ್ಳಿ, ಜಂಪಣ್ಣ, ಎಪ್ಪತ್ತು ವರ್ಷ, ಒಬ್ಬರೇ ಇರುವವರು. ಫೋನ್ ರಿಂಗಾಗುತ್ತಿತ್ತು. ಎತ್ತುವವರಿಲ್ಲ.

"ಹತ್ರಿ ಗಾಡಿ," ಎಂದ ಮುಜೀಬ್. ಬೆಳಿಗ್ಗೆ ಹೊರಿಸಿದ ತಪ್ಪಿಗೆ ಅವನಲ್ಲಿ ಇನ್ನೂ ಯಾರೂ ಕ್ಷಮೆ ಕೇಳಿರಲಿಲ್ಲ. ದಾರಿಯಲ್ಲಿ ನಾನು ಕೇಳಿದೆ. "ಆಮೇಲೆ ಮಾತಾಡಾನ ಅಕ್ಕ," ಎಂದು ಗೇರ್ ಬದಲಿಸಿದ.

ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ. ಕೂಗಿದೆ. ಉತ್ತರವಿಲ್ಲ. ಕಿಟಕಿಯಿಂದ ಇಣುಕಿದರೆ ಖಾಲಿ ಮಂಚ, ಉರುಳಿಬಿದ್ದ ತಂಬಿಗೆ, ನೆಲದ ಮೇಲೆ ಹರಿದು ಒಣಗಿದ ನೀರಿನ ಕಲೆ. ಮತ್ತೊಮ್ಮೆ ಬಡಿಯುವ ಧೈರ್ಯವಾಗಲಿಲ್ಲ.

ಮುಜೀಬ್ ಹಿತ್ತಲಿಗೆ ಓಡಿದ.

"ಅಕ್ಕಾ! ಬರ್ರಿ, ಇಲ್ಲೇ ಇದಾರೆ!"

ನೀರಿನ ತೊಟ್ಟಿಗೆ ಒರಗಿ ಮುದುಕ ಕೂತಿದ್ದರು. ತುಟಿ ಬಿರಿದಿತ್ತು. ಬೊಗಸೆಯಲ್ಲಿ ನೀರು ಎತ್ತಿ ಎತ್ತಿ ಕುಡಿಯುತ್ತಿದ್ದರು.

"ಎರಡು ದಿನ ಆತು ತಾಯಿ, ಈ ದಾಹ ನಿಲ್ಲವಲ್ದು," ಎಂದರು ನನ್ನನ್ನು ನೋಡಿ. "ಸೂಜಿ ಒಂದ್ಹೊತ್ತೂ ತಪ್ಪಿಸಿಲ್ಲ. ಎಲ್ಲಿ ತಪ್ಪು ಮಾಡಿದ್ನೋ ಏನೋ."

ಮುಜೀಬ್ ಅವರ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದ. ನಾನು ಇನ್ನೊಂದು ಕಡೆ ಹಿಡಿದುಕೊಂಡೆ.

"ನೀವಲ್ಲ ಅಜ್ಜ, ನಾವು," ಎಂದೆ. "ಬರ್ರಿ, ಆಸ್ಪತ್ರೆಗೆ ಹೋಗಾನ."