ಬಲೂನಿನ ಹತ್ತು ನಿಮಿಷ

ಸೋಮವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಒಂಬತ್ತು ನಲವತ್ತಕ್ಕೆ ವಾಯುನೆಲೆಯ ಮುಖ್ಯ ಬೋಧಕರು ತಾವೇ ಠಾಣೆಗೆ ಬಂದು ದೂರು ಕೊಟ್ಟರು. ಒಂದೇ ಪುಟ, ಎಲ್ಲೂ ಚಿತ್ತಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದ. ಅಂದು ಬೆಳಗ್ಗೆ ಏಳು ಗಂಟೆ ಆರು ನಿಮಿಷಕ್ಕೆ, ಸೇನೆಯ ನಿರ್ಬಂಧಿತ ವಾಯುಪ್ರದೇಶದೊಳಗೆ, ಒಂಬೈನೂರು ಮೀಟರ್ ಎತ್ತರದಲ್ಲಿ, ತರಬೇತಿ ವಿಮಾನವೊಂದರ ಮೂಗಿನ ಮುಂದೆ ಬಿಳಿಯ ದುಂಡು ವಸ್ತು ಬಂದಿತ್ತು. ವಿಮಾನ ನಡೆಸುತ್ತಿದ್ದ ವಿದ್ಯಾರ್ಥಿನಿ ಗುರಿ ಬಿಟ್ಟು ಎಡಕ್ಕೆ ತಿರುಗಿದ್ದಳು. ಹಿಂದೆ ಬರುತ್ತಿದ್ದ ವಿಮಾನಕ್ಕೆ ತಾಗುವುದು ಕೂದಲೆಳೆಯ ಅಂತರದಲ್ಲಿ ತಪ್ಪಿತ್ತು. ರಾಡಾರಿನಲ್ಲಿ ಮಾತ್ರ ಏನೂ ಕಂಡಿರಲಿಲ್ಲ.

ಎಫ್‌ಐಆರ್ ದಾಖಲಾಗುವಷ್ಟರಲ್ಲಿ ಬೋಧಕರು ಮೇಜಿನ ಮೇಲಿದ್ದ ರಟ್ಟಿನ ಡಬ್ಬಿಯೊಂದನ್ನು ಎಳೆದುಕೊಂಡು ಪಾಠ ಶುರುಮಾಡಿದರು. ಆಕಾಶದಲ್ಲಿ ಇಂಥದೇ ಒಂದು ಡಬ್ಬಿ, ನೆಲದಿಂದ ಆರು ಸಾವಿರ ಮೀಟರಿನವರೆಗೆ. ಗೋಡೆಗಳು ನಕ್ಷೆಯಲ್ಲಿ ಮಾತ್ರ ಇವೆ. ಹಾರಾಟದ ಹೊತ್ತಿನಲ್ಲಿ ಹೊರಗಿನ ಯಾವ ವಿಮಾನವೂ ಒಳಗೆ ಬರುವಂತಿಲ್ಲ. ವಿದ್ಯಾರ್ಥಿಗಳು ಅಲ್ಲಿ ಮಗುಚಿ ಹಾರುತ್ತಾರೆ, ಬೇಕೆಂದೇ ಗಿರಕಿಗೆ ಬಿದ್ದು ಎದ್ದು ಬರುತ್ತಾರೆ, ನೆಲದ ಬಿಳಿ ವೃತ್ತದ ಮೇಲೆ ಹೊಗೆಯ ಗುಂಡು ಹಾಕುತ್ತಾರೆ.

"ತಪ್ಪು ಮಾಡೋಕೆ ಅಂತಲೇ ಮೀಸಲಿಟ್ಟ ಆಕಾಶ ಇದು," ಎಂದರು. "ಇಲ್ಲಿ ಮಾಡಿ ಕಲಿತರೆ, ಆಮೇಲೆ ಎಲ್ಲೂ ಮಾಡಲ್ಲ."

ಭೌತಶಾಸ್ತ್ರ ಓದಿ ಪೊಲೀಸ್ ಆಗಿದ್ದ ಇನ್‌ಸ್ಪೆಕ್ಟರಿಗೆ ಆ ಮಾತು ಹಿಡಿಸಿತು. ಆದರೆ ಬೋಧಕರ ಮುಖದಲ್ಲಿ ಇನ್ನೇನೋ ಇತ್ತು. ಕೇಳಿದಾಗ ಹೇಳಿದರು: ಶುಕ್ರವಾರ ಹನ್ನೊಂದಕ್ಕೆ ಹುಡುಗಿಯ ವಿಚಾರಣೆ. ವಸ್ತು ಇತ್ತೆಂದು ರುಜುವಾಗದಿದ್ದರೆ ಅವಳು ಇಲ್ಲದ್ದನ್ನು ಕಂಡಳು ಎಂದಾಗುತ್ತದೆ. ಇಲ್ಲದ್ದನ್ನು ಕಾಣುವವರ ಕೈಗೆ ಯಾರೂ ವಿಮಾನ ಕೊಡುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಅವಳ ಹೇಳಿಕೆ. ಇಪ್ಪತ್ತೊಂದರ ಹುಡುಗಿ, ಬೆನ್ನು ನೆಟ್ಟಗೆ ಕೂತಿದ್ದಳು.

"ಹಕ್ಕಿ ಇರಬಹುದಲ್ವಾ?"

"ಹಕ್ಕಿ ರೆಕ್ಕೆ ಬಡಿಯುತ್ತೆ ಸರ್. ಇದು ಸುಮ್ಮನೆ ಏರ್ತಿತ್ತು."

"ಸಮಯ ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ನೋಡಿದೆ. ಮೊದಲು ತಿರುಗಿಸಿದೆ, ಆಮೇಲೆ ಗಡಿಯಾರ ನೋಡಿದೆ, ಆಮೇಲೆ ಹೆದರಿದೆ."

ಆ ಅನುಕ್ರಮವನ್ನು ಅವನು ಹಾಗೆಯೇ ಬರೆದುಕೊಂಡ. ಮೂವತ್ತು ವರ್ಷ ಸೇವೆಯಾದ ಪೊಲೀಸರೂ ಎಷ್ಟೋ ಸಲ ಮೂರನೆಯದನ್ನೇ ಮೊದಲು ಮಾಡುತ್ತಾರೆ.

ಮಂಗಳವಾರ ಹಾರಾಟ ನಿಲ್ಲಿಸಿ ಗುರಿಬಯಲಿನಲ್ಲಿ ಹುಡುಕಾಟ. ಕಾನ್‌ಸ್ಟೇಬಲ್‌ಗಳಲ್ಲಿ ಒಬ್ಬನಿಗೆ ದುರ್ಬೀನು ಎಂದೇ ಅಡ್ಡಹೆಸರು. ಅರ್ಧ ಮೈಲಿಯಾಚೆ ಹೆಲ್ಮೆಟ್ ಇಲ್ಲದ ತಲೆಯನ್ನು ಗುರುತಿಸುವವನು. ಹನ್ನೊಂದೂ ಇಪ್ಪತ್ತೈದಕ್ಕೆ ಮುಳ್ಳುಕಂಟಿಯಿಂದ ಹರಿದ ರಬ್ಬರಿನ ಚೂರೊಂದನ್ನು ಬಿಡಿಸಿ ತಂದ. ಬಾಯಿಗೆ ಹತ್ತಿಯ ದಾರ, ಎರಡು ಸುತ್ತು, ಅಚ್ಚುಕಟ್ಟಾದ ಗಂಟು. ನೆಲೆಯ ಇಬ್ಬರು ಕೆಲಸಗಾರರನ್ನು ಪಂಚರನ್ನಾಗಿ ಇಟ್ಟುಕೊಂಡು ಪಂಚನಾಮೆ ಬರೆಸಿದರು. ಇನ್‌ಸ್ಪೆಕ್ಟರ್ ಚೂರನ್ನು ಬಿಸಿಲಿಗೆ ಹಿಡಿದ. ರಬ್ಬರು ಒಣಗಿ ಬಿರಿದಿತ್ತು. ವಾರಗಟ್ಟಲೆ ಬಿಸಿಲು ಕಂಡದ್ದು. ಅಂದರೆ ಇದು ಸೋಮವಾರದ್ದಲ್ಲ. ಸೋಮವಾರದ್ದು ಮೊದಲನೆಯದೂ ಅಲ್ಲ.

ನೆಲೆಯ ಹವಾಮಾನ ಕೊಠಡಿಯ ಕಿರಿಯ ಅಧಿಕಾರಿ ಕಂಡ ಕೂಡಲೇ ಗುರುತಿಸಿದ. ಮೇಲಿನ ಗಾಳಿಯ ದಿಕ್ಕು, ವೇಗ ತಿಳಿಯಲು ಹಿಂದೆ ಬಿಡುತ್ತಿದ್ದ ಬಲೂನು. ನಿಮಿಷಕ್ಕೆ ನೂರೈವತ್ತು ಮೀಟರ್ ಏರುವಷ್ಟು ಅನಿಲ ತುಂಬಿ, ದೂರದರ್ಶಕದಲ್ಲಿ ಹಿಂಬಾಲಿಸಿ, ನಿಮಿಷ ನಿಮಿಷಕ್ಕೂ ಅದರ ಕೋನ ಬರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಯಂತ್ರ ಬಂತು, ಬಲೂನು ನಿಂತಿತು, ಉಳಿದ ಬಲೂನಿನ ಪೆಟ್ಟಿಗೆಗಳೂ ದೂರದರ್ಶಕವೂ ಗುಜರಿಗೆ ಹೋದವು. ಆ ಕೆಲಸ ಮಾಡುತ್ತಿದ್ದವರೂ ಅದೇ ದಿನ ನಿವೃತ್ತರಾದರು. ಗಾಳಿ ಮೇಷ್ಟ್ರು ಅಂತ ಎಲ್ಲರೂ ಕರೆಯುತ್ತಿದ್ದರು.

"ಅವರೇ ಬಿಟ್ಟಿರಬಹುದಾ?"

ಹುಡುಗ ನಕ್ಕುಬಿಟ್ಟ. "ಅವರಾ? ಸಾಧ್ಯವೇ ಇಲ್ಲ ಸರ್. ಈ ಆಕಾಶದ ನಿಯಮ ನಮಗೆಲ್ಲ ಕಲಿಸಿದವರೇ ಅವರು."

ಇನ್‌ಸ್ಪೆಕ್ಟರ್ ಹೊರಗೆ ಬಂದು ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ಭಾಗಾಕಾರ ಮಾಡಿದ. ಒಂಬೈನೂರು ಮೀಟರ್, ನಿಮಿಷಕ್ಕೆ ನೂರೈವತ್ತು: ಆರು ನಿಮಿಷ. ಏಳೂ ಆರರಿಂದ ಹಿಂದಕ್ಕೆ ಎಣಿಸಿದರೆ ಏಳು ಗಂಟೆ, ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಗಡಿಯಾರ ನೋಡಿಕೊಂಡು ಕಿಡಿಗೇಡಿತನ ಮಾಡುವವರನ್ನು ಅವನು ಕಂಡಿರಲಿಲ್ಲ.

ಬುಧವಾರ ದುರ್ಬೀನು ಊರಿನ ಅನಿಲದ ಅಂಗಡಿಗಳನ್ನೆಲ್ಲ ಸುತ್ತಿದ. ಮೂರನೆಯ ಅಂಗಡಿಯವನಿಗೆ ಮಾತಿನ ಚಪಲ. ಹಿರಿಯರೊಬ್ಬರು ಬಲೂನಿಗೆಂದು ತಿಂಗಳು ತಿಂಗಳೂ ಸಿಲಿಂಡರ್ ಒಯ್ಯುತ್ತಾರಂತೆ. ಮೊಮ್ಮಗುವಿನ ಹುಟ್ಟುಹಬ್ಬವಾ ಅಂತ ಒಮ್ಮೆ ಕೇಳಿದ್ದನಂತೆ, ಅಲ್ಲ, ಕೆಲಸಕ್ಕೆ ಅಂದರಂತೆ. "ನಾನೂ ಅಂದ್ಕೊಂಡೆ ಬಿಡಿ, ಪ್ರತಿ ತಿಂಗಳೂ ಹುಟ್ಟೋ ಮೊಮ್ಮಗು ಎಲ್ಲಿರತ್ತೆ?" ಗಾಳಿ ಮೇಷ್ಟ್ರ ವಿಳಾಸ ರಸೀದಿಯಲ್ಲೇ ಇತ್ತು, ಅವರದೇ ದುಂಡಗಿನ ಅಕ್ಷರದಲ್ಲಿ. ಅಡಗಿಕೊಳ್ಳುವವರ ಅಕ್ಷರವಲ್ಲ ಅದು.

ನಿಯಮ ಕಲಿಸಿದವರೇ ನಿಯಮ ಮುರಿದದ್ದು ಹೇಗೆ? ಸಂಜೆ ಇನ್‌ಸ್ಪೆಕ್ಟರ್ ಹಾರಾಟದ ಹಳೆಯ ವೇಳಾಪಟ್ಟಿಗಳನ್ನು ತರಿಸಿ ಹರಡಿದ. ವರ್ಷಗಳುದ್ದಕ್ಕೂ, ಪ್ರತಿದಿನ, ಏಳರಿಂದ ಏಳೂ ಹತ್ತರವರೆಗೆ ಆಕಾಶ ಖಾಲಿ. ಈ ಸೋಮವಾರ ಶುರುವಾದ ಹೊಸ ತಂಡದ ಪಟ್ಟಿಯಲ್ಲಿ ಮಾತ್ರ ಆ ಖಾಲಿ ಜಾಗ ತುಂಬಿತ್ತು.

ಫೋನಿನಲ್ಲಿ ಕೇಳಿದಾಗ ಬೋಧಕರು ಹಳೆಯ ಆದೇಶಗಳನ್ನು ತಿರುವಿ ನೋಡಿದರು. ಆ ಹತ್ತು ನಿಮಿಷ ಬಿಡಬೇಕೆಂದು ಎಲ್ಲೂ ಬರೆದಿಲ್ಲ ಎಂದರು. ತಾವು ಬಂದಾಗಿನಿಂದ ಹಾಗೇ ಇತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ಗುರುವಾರ ಹಾರಾಟ ಮತ್ತೆ ಶುರುವಾಗಬೇಕಿತ್ತು.

"ಶುರುಮಾಡಿ. ನಾಳೆ ಏಳಕ್ಕೆ ಆ ಮನೆಯಿಂದ ಏನೂ ಮೇಲೇಳದ ಹಾಗೆ ನೋಡಿಕೊಳ್ಳೋದು ನನ್ನ ಹೊಣೆ."

ಗುರುವಾರ ಬೆಳಗ್ಗೆ ಆರೂ ಐವತ್ತು. ಊರಂಚಿನ ಚಿಕ್ಕ ಮನೆಯ ತಾರಸಿ. ಮೂರು ಕಾಲಿನ ಮೇಲೆ ಹಿತ್ತಾಳೆಯ ಹಳೆಯ ದೂರದರ್ಶಕ, ಉಜ್ಜಿ ಉಜ್ಜಿ ಹೊಳಪಾದದ್ದು. ಪಕ್ಕದಲ್ಲಿ ಸ್ಟೂಲಿನ ಮೇಲೆ ಹೆಂಡತಿ, ತೊಡೆಯ ಮೇಲೆ ಉದ್ದನೆಯ ಪುಸ್ತಕ, ಕೈಯಲ್ಲಿ ಗಡಿಯಾರ. ಗಾಳಿ ಮೇಷ್ಟ್ರು ತುಂಬಿದ ಬಲೂನನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದರು. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಇಪ್ಪತ್ತು ನಿಮಿಷ ತಡೀರಪ್ಪ," ಎಂದರು ಅವರು. "ಏಳಕ್ಕೆ ಇದನ್ನ ಬಿಟ್ಟು, ಬರೆದು ಮುಗಿಸಿ, ಎಲ್ಲಿಗೆ ಕರೆದರೂ ಬರ್ತೀನಿ."

"ಏಳಕ್ಕೆ ಮೇಲೆ ವಿಮಾನ ಇರುತ್ತೆ ಸರ್."

"ಇರಲ್ಲ. ಏಳರಿಂದ ಏಳೂ ಹತ್ತು ಬಲೂನಿಂದು."

ಇನ್‌ಸ್ಪೆಕ್ಟರ್ ಹೊಸ ವೇಳಾಪಟ್ಟಿ ಬಿಡಿಸಿ ತೋರಿಸಿದ. ಅವರು ಕನ್ನಡಕ ಏರಿಸಿ ಓದಿದರು. ಅಚ್ಚಿನ ತಪ್ಪಿರಬೇಕು ಎಂದರು. ಹೆಂಡತಿ ಕಾಗದ ಇಸಿದುಕೊಂಡು ಓದಿ, "ಅಚ್ಚಿನ ತಪ್ಪಲ್ಲರೀ," ಎಂದಳು.

ಅಷ್ಟರಲ್ಲಿ ಪಡುವಣ ದಿಕ್ಕಿನಿಂದ ಸದ್ದು ಬಂತು. ಎರಡು ಪುಟ್ಟ ವಿಮಾನಗಳು, ಒಂದರ ಹಿಂದೊಂದು, ಬೆಳಗಿನ ಬಿಸಿಲಿನಲ್ಲಿ ಬಾಗಿ, ಗೆರೆ ಎಳೆದ ಹಾಗೆ ಗುರಿಯತ್ತ ಇಳಿದವು. ಮುದುಕರು ಕತ್ತೆತ್ತಿ ಕೊನೆಯವರೆಗೂ ನೋಡಿದರು. "ಚೆನ್ನಾಗಿ ಹಾರಿಸ್ತಿದಾರೆ," ಎಂದರು ಮೆಲ್ಲಗೆ. ಆಮೇಲೆ ತಾವೇ ಗಂಟು ಬಿಚ್ಚಿದರು. ಬಲೂನು ಅವರ ಕೈಯಲ್ಲೇ ಕುಗ್ಗಿತು.

"ನನ್ನಿಂದ ಯಾರಿಗಾದರೂ ಪೆಟ್ಟಾಯ್ತಾ?"

ಇಲ್ಲವೆಂದು ಹೇಳಿ, ಹುಡುಗಿಯ ಶುಕ್ರವಾರದ ವಿಚಾರಣೆಯ ಸಂಗತಿಯನ್ನೂ ಹೇಳಿದ. ಹೆಂಡತಿ ಪುಸ್ತಕದಲ್ಲಿ ಮೂರು ಸಾಲು ಹಿಂದಕ್ಕೆ ಬೆರಳಿಟ್ಟು ಅವನತ್ತ ತಿರುಗಿಸಿದಳು. ಸೋಮವಾರ: 'ಆರನೇ ನಿಮಿಷ, ಒಂಬೈನೂರು ಮೀಟರ್. ವಿಮಾನವೊಂದು ಬಲೂನಿನ ಎದುರು ಬಂದು ಎಡಕ್ಕೆ ತಿರುಗಿತು. ಬಲೂನಿನ ವೇಳೆಯಲ್ಲಿ ಹಾರಾಟ; ನೆಲೆಗೆ ದೂರು ಬರೆಯಬೇಕು.'

"ದೂರೂ ಬರೆದಿಟ್ಟಿದ್ದೆ, ಅಂಚೆಗೆ ಹಾಕಿರಲಿಲ್ಲ," ಎಂದಳು. "ನೋಡಿದ್ದು ಅವರು, ಬರೆದದ್ದು ನಾನು. ಕರ್ಕೊಂಡು ಹೋಗೋದಾದರೆ ಇಬ್ಬರನ್ನೂ ಕರ್ಕೊಂಡು ಹೋಗಿ."

"ಸುಮ್ನಿರೇ. ಜೀಪಲ್ಲಿ ಸುತ್ತೋಕೆ ಆಸೆ ಇವಳಿಗೆ," ಎಂದರು ಮೇಷ್ಟ್ರು.

ಏಳು ಗಂಟೆ ಇಪ್ಪತ್ತಕ್ಕೆ ಮೇಷ್ಟ್ರ ಬಂಧನವಾಯಿತು. ದೂರದರ್ಶಕ, ಸಿಲಿಂಡರ್, ಪುಸ್ತಕ ಪಂಚನಾಮೆಗೆ ಸೇರಿದವು. ಸಂಜೆಯೊಳಗೆ ಜಾಮೀನಿನ ಮೇಲೆ ಮನೆಗೆ ಕಳಿಸಿದರು. ಶುಕ್ರವಾರ ಹನ್ನೊಂದಕ್ಕೆ ಹುಡುಗಿಯ ಹೇಳಿಕೆಯನ್ನೂ ಆ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಲಾಯಿತು: ಅದೇ ನಿಮಿಷ, ಅದೇ ಎತ್ತರ, ಅದೇ ತಿರುವು. ಹನ್ನೆರಡಕ್ಕೆ ಬೋಧಕರು ಠಾಣೆಗೆ ಫೋನು ಮಾಡಿ, ಸೋಮವಾರ ಅವಳು ಮತ್ತೆ ಹಾರುತ್ತಾಳೆ ಎಂದರು.

ಮೇಷ್ಟ್ರ ಹೇಳಿಕೆ ಅರ್ಧ ಪುಟ. ಮೂವತ್ತೊಂದು ವರ್ಷ ಒಂದು ದಿನವೂ ಬಿಡದೆ ಗಾಳಿ ಬರೆದಿದ್ದರು, ಜ್ವರ ಬಂದಾಗ, ಮಗಳ ಮದುವೆಯ ದಿನ ಕೂಡ. ಯಂತ್ರದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸಾಲುಗಳ ನಡುವೆ ಒಂದು ದಿನ ಖಾಲಿ ಉಳಿಯುವುದನ್ನು ನೋಡಲಾಗಲಿಲ್ಲ, ಅಷ್ಟೇ.

ಪ್ರಕರಣದ ಕಡತ ಕಟ್ಟುವ ಮುನ್ನ ಇನ್‌ಸ್ಪೆಕ್ಟರ್ ಪುಸ್ತಕವನ್ನು ಇನ್ನೊಮ್ಮೆ ತೆರೆದ. ಗುರುವಾರದ ಸಾಲು ಖಾಲಿ ಇರಬಹುದೆಂದುಕೊಂಡಿದ್ದ. ಇರಲಿಲ್ಲ. ಜೀಪು ಹತ್ತುವ ಮೊದಲು ಯಾವಾಗಲೋ ಮೇಷ್ಟ್ರೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಏಳು ಗಂಟೆ. ಬಲೂನು ಬಿಡಲಿಲ್ಲ. ಮಕ್ಕಳು ಹಾರುತ್ತಿದ್ದಾರೆ.'