ಏವಿಸ್‌ಳ ಕೊರಳ ನಾಣ್ಯ

ಮಧ್ಯಾಹ್ನದ ನಿದ್ದೆಯಿಂದ ಎದ್ದ ಪುಟ್ಟ ಏವಿಸ್‌ಳ ಕೊರಳು ಬರಿದಾಗಿತ್ತು. ನಾಣ್ಯವೂ ಇಲ್ಲ, ರಿಬ್ಬನ್ನೂ ಇಲ್ಲ!

ಲಂಡನ್ನಿನ ಟಂಕಸಾಲೆಯಲ್ಲಿ ಸುತ್ತಿಗೆಯಿಂದ ಬಡಿದು ಮಾಡಿದ ಚಿನ್ನದ ನಾಣ್ಯ. ಮಗುವಿನ ಕೊರಳಲ್ಲೆದ್ದ ರೋಗದ ಗಂಟುಗಳನ್ನು ಬರೀ ಕೈಯಿಂದ ಮುಟ್ಟಿ ವಾಸಿಮಾಡಿದ ದೊರೆ ತಾನೇ ಬಿಳಿ ರಿಬ್ಬನ್ನಿನಲ್ಲಿ ತೊಡಿಸಿದ್ದು. ಕೊರಳಿನಿಂದ ತೆಗೆದರೆ ರೋಗ ಮರಳುತ್ತದೆ. ದೊರೆ ಯಾರನ್ನೂ ಎರಡನೇ ಸಲ ಮುಟ್ಟುವುದಿಲ್ಲ.

"ಕೆಲಸದವಳೇ ಕದ್ದಿದ್ದು!" ಚರ್ಚಿನ ಮೊಕ್ತೇಸರ ಜರ್ವೇಸ್ ಗುಡುಗಿದ. "ಇಷ್ಟೊತ್ತಿಗೆ ಮಾರಿರ್ತಾಳೆ. ನೇಣಿಗೆ ಹಾಕಿ!"

ಹಾಕುತ್ತಿದ್ದರು ಕೂಡ. ಚಿನ್ನ ಕದ್ದರೆ ನಮ್ಮಲ್ಲಿ ನೇಣೇ. ಆಗಲೇ ಅವನು ಕೆಲಸದ ಹುಡುಗಿ ಲೆಟಿಸ್‌ಳ ಕೈ ಕಟ್ಟಿಸಿದ್ದ. ಬಾಯಿ ತೆರೆದರೆ ಬಡವರ ಪಾಪವನ್ನೇ ಆಡುವ ಮನುಷ್ಯ! ಪಕ್ಕದ ಮನೆಯ ಕಮ್ಮಾರನಾದ ನನಗೆ ಮೈಯೆಲ್ಲ ಉರಿಯಿತು. ನನ್ನ ಗೆಳೆಯ, ಊರ ಪೇದೆ ಆ್ಯಂಬ್ರೋಸ್ ಮಾತ್ರ ತಣ್ಣಗೆ ಕೇಳಿದ:

"ಮಗು ಮಲಗಿದ್ದಾಗ ಎಲ್ಲಿದ್ದೆ, ಲೆಟಿಸ್?"

"ಹಿತ್ತಲಲ್ಲಿ ಬಿಯರ್ ಕಾಯಿಸ್ತಿದ್ದೆ, ಸ್ವಾಮಿ."

"ಯಾರು ಬಂದಿದ್ರು?"

"ಪಾತ್ರೆ ಮಾರೋನು. ಬಾಗಿಲಿಂದಾನೇ ಹೋದ. ಆಮೇಲೆ ಮೊಕ್ತೇಸರ್ರು—ಮಗೂಗೆ ಪ್ರಾರ್ಥನೆ ಮಾಡ್ತೀನಂತ ಒಳಗೆ ಹೋದ್ರು."

"ನನ್ನ ಮೇಲೇ ಅನುಮಾನಾನಾ?" ಜರ್ವೇಸ್ ಕೆಂಡವಾದ. "ನನಗೇನು ಚಿನ್ನಕ್ಕೆ ಬರಾನಾ?"

"ಇಲ್ವಲ್ಲ, ಅದಕ್ಕೇ ಕೇಳ್ತಿರೋದು," ಎಂದ ಆ್ಯಂಬ್ರೋಸ್. "ಮಾರೋ ಕಳ್ಳ ರಿಬ್ಬನ್ ಬಿಸಾಡಿ ಹೋಗ್ತಾನೆ. ದೊರೆ ರಿಬ್ಬನ್ ಕಂಡ್ರೆ ಅಕ್ಕಸಾಲಿಗನೇ ಹಿಡ್ಕೊಡ್ತಾನೆ. ಈ ಕಳ್ಳ ರಿಬ್ಬನ್ನೂ ಬಿಟ್ಟಿಲ್ಲ. ಯಾಕೆ? ಮಾರೋಕಲ್ಲ, ಹಾಕ್ಕೊಳ್ಳೋಕೆ! ಇದೇ ರೋಗ ಇರೋನು. ಇಂಥ ಸುಗ್ಗಿ ಬಿಸಿಲಲ್ಲಿ ಊರಿಗೂರೇ ಅಂಗಿ ಗುಂಡಿ ಬಿಚ್ಚಿದೆ. ನೀವೊಬ್ರೇ ಕಿವೀವರೆಗೂ ಕಾಲರ್ ಏರಿಸಿದೀರಲ್ಲ, ಸ್ವಾಮಿ?"

ಜರ್ವೇಸ್ ಬಾಗಿಲತ್ತ ತಿರುಗಿದ. ಮಗುವಿನ ತಾಯಿ ಥಾಮಸಿನ್ ಅಡ್ಡ ನಿಂತು ಕಾಲರನ್ನು ಹಿಡಿದೆಳೆದಳು. ಕೊರಳ ತುಂಬ ಕೀವಾದ ಗಂಟುಗಳು. ಅವುಗಳ ಮೇಲೆ ಬಿಳಿ ರಿಬ್ಬನ್, ಚಿನ್ನ.

"ದೊರೆ ಹತ್ರ ಹೋಗೋಕೆ ನಿನಗೇನಾಗಿತ್ತು?" ಎಂದು ನಾನು ಅರಚಿದೆ.

"ಹೋಗ್ಬೇಕಂದ್ರೆ ಈ ರೋಗ ಇದೆ ಅಂತ ಪಾದ್ರಿ ಪತ್ರ ಬೇಕು. ಊರಿಗೆಲ್ಲ ಗೊತ್ತಾಗುತ್ತೆ." ಅವನ ದನಿ ಉಡುಗಿತ್ತು. "ಪಾಪಿಗಳಿಗೆ ಬರೋ ರೋಗ ಅಂತ ನಾನೇ ಹೇಳ್ಕೊಂಡು ತಿರುಗಿದ್ದೆ... ನಾಚಿಕೆಯಾಯ್ತು, ತಾಯಿ."

ಥಾಮಸಿನ್ ನಾಣ್ಯವನ್ನು ಬಿಚ್ಚಿಕೊಂಡು ಮಗಳ ಕೊರಳಿಗೆ ಹಾಕಿದಳು. ಲೆಟಿಸ್‌ಳನ್ನು ತನ್ನತ್ತ ಎಳೆದುಕೊಂಡು ಅವನ ಕಡೆ ತಿರುಗಿದಳು.

"ನಾಚಿಕೆಯಂತೆ! ಇವಳನ್ನ ನೇಣಿಗೆ ಹಾಕಿ ಅಂದಾಗ ಎಲ್ಲಿ ಸತ್ತಿತ್ತೋ ನಿನ್ನ ನಾಚಿಕೆ?"