ಮೂರನೆಯ ಕಂಪ್ಯೂಟರ್

“ಅದು ನನ್ನದು!”

ಎರಡು ದನಿಗಳು ಒಟ್ಟಿಗೇ ಎದ್ದವು. ಮುಂಬಯಿ ಹೊರವಲಯದ ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಆ ಕಿರಿದಾದ ಅಂಗಡಿಯ ಕೌಂಟರಿನ ಮೇಲೆ ಒಂದೇ ಒಂದು ಆಂಟಿವೈರಸ್ ಡಬ್ಬಿ ಉಳಿದಿತ್ತು. ಅದರ ಒಂದು ತುದಿಯಲ್ಲಿ ಪ್ರಣೀತಾಳ ಬೆರಳುಗಳು. ಇನ್ನೊಂದು ತುದಿಯಲ್ಲಿ ಯಾರೋ ಅಪರಿಚಿತನ ಕೈ.

“ನಾನು ಬೆಳಿಗ್ಗೆಯೇ ಫೋನ್ ಮಾಡಿ ತೆಗೆದಿಡ್ಲಿಕ್ಕೆ ಹೇಳಿದ್ದೆ ಮಾರಾಯ್ರೆ! ಬೇಕಾದ್ರೆ ಇವರನ್ನೇ ಕೇಳಿ.”

ಆತ ವಾದ ಮಾಡಲಿಲ್ಲ. ಡಬ್ಬಿಯನ್ನು ಬಿಡಲೂ ಇಲ್ಲ. ಸುಮ್ಮನೆ ಅವಳನ್ನು ನೋಡಿದ.

ಅಂಗಡಿಯ ವಸಂತಕುಮಾರ ವಿಜಾಪುರದ ಕಡೆಯವನು. ಇಬ್ಬರ ನಡುವೆ ಕೈ ಚಾಚಿ ಡಬ್ಬಿಯನ್ನು ಬಿಡಿಸಿಕೊಂಡ.

“ಜಗ್ಗಬ್ಯಾಡ್ರಿ, ಹರೀತೈತಿ! ಇದು ಮೂರ ಮಂದಿ ಪ್ಯಾಕ್ ಐತ್ರಿ ಅಕ್ಕಾರ. ಒಂದ ಕೀ, ಮೂರ ಕಂಪ್ಯೂಟರ್, ಒಂದ ವರ್ಷ. ನೀವೊಂದ ಹಾಕ್ಕೋರಿ, ಇವ್ರೊಂದ ಹಾಕ್ಕೊಳ್ಳಲಿ. ಮೂರನೇದ್ದು ಆಮ್ಯಾಲ ನೋಡೂಣು.”

“ಗುರುತಿಲ್ಲದವರ ಜೊತೆ ಹಂಚಿಕೊಳ್ಳುವುದಾ? ಎಂತ ಕತೆ ಇದು!”

“ಲೋಕಲ್ ಟ್ರೇನಿನ್ಯಾಗ ಮೂರ ಮಂದಿ ಸೀಟಿಗೆ ನಾಕ ಮಂದಿ ಕುಂದರ್ತೀರಿ. ಅಲ್ಲಿ ಯಾರ ಗುರುತ ಇರತೈತ್ರಿ?”

ಆಗ ಆ ಅಪರಿಚಿತ ಮೊದಲ ಸಲ ಬಾಯಿ ತೆರೆದ. “ನಂಗೇನೂ ತೊಂದ್ರೆ ಇಲ್ಲ ಕಣ್ರೀ. ಮೂರನೇದನ್ನ ಮಾತ್ರ ಇಬ್ರೂ ಒಪ್ಪಿದ್ರೆ ಯಾರಿಗಾದ್ರೂ ಕೊಡೋಣ. ಒಬ್ರನ್ನ ಕೇಳ್ದೆ ಇನ್ನೊಬ್ರು ಕೊಡೋದ್ ಬೇಡ.”

ಅವನ ಹೆಸರು ಚಿನ್ಮಯ್. ಮೈಸೂರಿನವನು. ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಬಾಡಿಗೆ ಕೋಣೆ. ಅದು 2010ರ ಮಾರ್ಚ್.

ಡಬ್ಬಿಯೊಳಗಿನ ಕೀ ಸಂಖ್ಯೆಯನ್ನು ಒಂದೇ ಇಮೇಲ್‌ಗೆ ನೋಂದಾಯಿಸಬೇಕು. ಚಿನ್ಮಯ್‌ನ ಇಮೇಲ್ ಕೊಟ್ಟರು. ಹಾಗಾಗಿ ಪ್ರಣೀತಾಳ ಕಂಪ್ಯೂಟರಿನಲ್ಲಿ ಏನು ಕೆಟ್ಟರೂ ಅವನಿಗೇ ಫೋನ್ ಮಾಡಬೇಕಾಯಿತು. ಅವನು ಬರುತ್ತಿದ್ದ. ಕುರ್ಚಿಯ ತುದಿಯಲ್ಲಿ ಕೂತು, ತುಟಿ ಬಿಗಿದುಕೊಂಡು ಸರಿಮಾಡುತ್ತಿದ್ದ. ಅಮ್ಮ ಜಯಲತಾ ಕೊಟ್ಟ ಚಹಾ ಆರಿಹೋಗುವವರೆಗೂ ಮುಟ್ಟುತ್ತಿರಲಿಲ್ಲ.

ಅಮೆರಿಕದ ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಮನೆಯಲ್ಲೇ ಕೂತು ಕೇಳಿ ಟೈಪ್ ಮಾಡುವುದು ಪ್ರಣೀತಾಳ ಕೆಲಸ. ಇಡೀ ದಿನ ಕಿವಿ ತುಂಬ ಗೊತ್ತಿಲ್ಲದವರ ಮಾತು. ಆ ಮಾತುಗಳ ನಡುವೆ, ಏನನ್ನೂ ಹೇಳದೆ ಪಕ್ಕದಲ್ಲಿ ಕೂತಿರುವ ಒಬ್ಬ ಮನುಷ್ಯ ಎಷ್ಟು ದೊಡ್ಡ ನೆಮ್ಮದಿ ಎಂದು ಅವಳಿಗೆ ನಿಧಾನವಾಗಿ ತಿಳಿಯಿತು.

ಕೊನೆಗೊಂದು ಸಂಜೆ ಅವಳೇ ಕೇಳಿದಳು. “ಇವತ್ತು ಕಂಪ್ಯೂಟರ್ ಸರಿ ಉಂಟಲ್ಲ... ಮತ್ತೆ ಯಾಕೆ ಬಂದದ್ದು?”

ಅವನು ಬಹಳ ಹೊತ್ತು ಕೀಬೋರ್ಡ್ ನೋಡಿದ. “ಕೆಡ್ಲಿ ಅಂತ ಕಾಯೋಕಾಗ್ಲಿಲ್ಲ.”

ಅಷ್ಟೇ. ಅವಳ ಪಾಲಿಗೆ ಅದೇ ಸಾಕಾಗಿತ್ತು.

ಮಳೆಗಾಲದಲ್ಲಿ ಅವಳ ಹಾರ್ಡ್ ಡಿಸ್ಕ್ ಸತ್ತಿತು. ಚಿನ್ಮಯ್ ಆಗ ಆಫೀಸ್ ಕೆಲಸದ ಮೇಲೆ ಊರಲ್ಲಿರಲಿಲ್ಲ. ವಸಂತಕುಮಾರ ಕಂಪ್ಯೂಟರಿನ ಪೆಟ್ಟಿಗೆಯನ್ನು ಉಲ್ಹಾಸನಗರದ ಯಾವುದೋ ವರ್ಕ್‌ಶಾಪಿಗೆ ಕಳಿಸಿದ. ಹೊಸ ಡಿಸ್ಕ್ ಹಾಕಿ, ವಿಂಡೋಸ್ ತುಂಬಿ, ಅದೇ ಕೀಯಿಂದ ಆಂಟಿವೈರಸ್ಸನ್ನೂ ಹಾಕಿಕೊಟ್ಟರು. ಕಂಪ್ಯೂಟರ್ ಮೊದಲಿನಂತೆ ಓಡಿತು. ಅವಳು ಅದನ್ನು ಮರೆತೇಬಿಟ್ಟಳು.

ಗಣೇಶ ಹಬ್ಬ ಕಳೆಯಿತು. ತಂಗಿ ಇಂಚರಳಿಗೆ ಕಾಲೇಜಿಗೆಂದು ಲ್ಯಾಪ್‌ಟಾಪ್ ಬಂತು. ಮೂರನೆಯ ಜಾಗವನ್ನು ಅವಳಿಗೇ ಕೊಡುವುದೆಂದು ಇಬ್ಬರೂ ಒಪ್ಪಿದ್ದರು. ಕೀ ಹಾಕಿದರೆ ತೆಗೆದುಕೊಳ್ಳಲಿಲ್ಲ. ಮೂರೂ ಜಾಗ ತುಂಬಿದೆ ಎಂದಿತು.

ಪ್ರಣೀತಾ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಳು. ಅತ್ತಲಿಂದ ಒಬ್ಬ ಹುಡುಗಿ ಕೀ ಹಾಕಿರುವ ಕಂಪ್ಯೂಟರುಗಳ ಹೆಸರು ಓದಿ ಹೇಳಿದಳು. ಚಿನ್ಮಯ್. ಪ್ರಣೀತಾ. ಮಾನ್ಯಾ.

ಮನೆಯಲ್ಲೂ ಹಿಂದಿಯನ್ನೇ ಆಡುವ ಇಂಚರ ಕಣ್ಣರಳಿಸಿದಳು. “ಯೇ ಮಾನ್ಯಾ ಕೌನ್ ಹೈ, ದೀದಿ?”

ಅದೇ ಪ್ರಶ್ನೆಯನ್ನು ಪ್ರಣೀತಾ ಅದೇ ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ ಚಿನ್ಮಯ್‌ನನ್ನು ಕೇಳಿದಳು. ಜನ ಇಬ್ಬರನ್ನೂ ತಳ್ಳಿಕೊಂಡು ಹೋಗುತ್ತಿದ್ದರು.

“ಮಾನ್ಯಾ ಯಾರು?”

“ಯಾರು?”

“ನನಗೆ ಗೊತ್ತಿರುತ್ತಿದ್ದರೆ ಕೇಳ್ತಿದ್ದೆನಾ? ಒಬ್ಬರನ್ನ ಕೇಳದೆ ಕೊಡಬಾರದು ಅಂತ ಹೇಳಿದ್ದು ನೀವೇ ಅಲ್ವಾ!”

“ನಾನು ಯಾರಿಗೂ ಕೊಟ್ಟಿಲ್ಲ ಪ್ರಣೀತಾ. ನೀನೇ...” ಎಂದವನು ನಿಲ್ಲಿಸಿದ.

“ನಾನೇ ಎಂತ? ಹೇಳಿ!”

ಅವನು ಹೇಳಲಿಲ್ಲ. ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಇಷ್ಟು ದಿನ ಅವಳಿಗೆ ನೆರಳಾಗಿದ್ದ ಆ ಮೌನ ಆ ಕ್ಷಣ ಕಳ್ಳನ ಮೌನದಂತೆ ಕಂಡಿತು. ‘ಉತ್ತರ ಇದ್ದಿದ್ದರೆ ಕೊಡುತ್ತಿರಲಿಲ್ಲವೇ?’

“ಬೇಡ ಬಿಡಿ,” ಎಂದು ಅವಳು ಮೆಟ್ಟಿಲಿಳಿದಳು. ಅವನು ಹಿಂದೆ ಬರಲಿಲ್ಲ.

ಸ್ವಲ್ಪ ದಿನಕ್ಕೆ ಅವನು ಕೋಣೆ ಬಿಟ್ಟು ದೂರದ ಖಾರಘರಕ್ಕೆ ಹೋದನೆಂದು ತಿಳಿಯಿತು. ‘ಅವಳಿರುವ ಕಡೆಗೇ ಹೋಗಿರಬೇಕು’ ಎಂದುಕೊಂಡಳು. ಕಾಣದ ಆ ಮಾನ್ಯಾಳಿಗೆ ಅವಳೇ ಒಂದು ಮುಖ ಕೊಟ್ಟಳು. ಉದ್ದ ಜಡೆ ಕೊಟ್ಟಳು. ಅವನ ಮೌನದ ಪಕ್ಕದಲ್ಲಿ ಅವಳನ್ನು ತಾನೇ ಕೂರಿಸಿದಳು... ಕೂರಿಸಿ, ತಾನೇ ಅತ್ತಳು.

ಮತ್ತೆ ಮಾರ್ಚ್ ಬಂತು.

ಪರದೆಯ ಮೂಲೆಯಲ್ಲಿ ಹಳದಿ ಗುರುತು, ಆಮೇಲೆ ಕೆಂಪು. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ.’ ಚಿನ್ಮಯ್‌ನಿಂದ ಒಂದು ಎಸ್‌ಎಂಎಸ್ ಬಂದಿತ್ತು. “ಲೈಸೆನ್ಸ್ ಮುಗೀತಿದೆ. ಏನ್ ಮಾಡ್ಲಿ?” ಇಷ್ಟು ತಿಂಗಳ ನಂತರ, ಇಷ್ಟೇ! ಅವಳು ಉತ್ತರಿಸಲಿಲ್ಲ. ಅಳಿಸಲೂ ಇಲ್ಲ.

ಲೈಸೆನ್ಸ್ ಮುಗಿದ ಕಂಪ್ಯೂಟರನ್ನು ಅವಳ ಕಂಪನಿ ತನ್ನ ನೆಟ್‌ವರ್ಕಿನ ಒಳಗೆ ಬಿಡುವುದಿಲ್ಲ. ಸೋಮವಾರದೊಳಗೆ ಸರಿಯಾಗಲೇಬೇಕು. ಶನಿವಾರ ಬೆಳಿಗ್ಗೆ ಅವಳು ಹಟ ಹಿಡಿದು ಕೂತಳು. ‘ಅವನಿಲ್ಲದೆಯೂ ನನಗೆ ಆಗುತ್ತದೆ!’

ರಿನ್ಯೂ ಒತ್ತಿದರೆ, ಲಿಂಕ್ ನೋಂದಾಯಿತ ಇಮೇಲ್‌ಗೆ ಹೋಗಿದೆ ಎಂದಿತು. ಎಂದರೆ ಅವನಿಗೆ.

ಬೇರೆ ಆಂಟಿವೈರಸ್ ಹುಡುಕಿದಳು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಕಸ ಎಂದು ಬರೆದಿದ್ದರು. ಪುಕ್ಕಟೆಯದೊಂದನ್ನು ಇಳಿಸಿಕೊಂಡರೆ ಮೌಸ್ ಕೂಡ ಅಲುಗಾಡದಷ್ಟು ಕಂಪ್ಯೂಟರ್ ಭಾರವಾಯಿತು. ಇನ್ನೊಂದು, ಪರದೆ ತುಂಬ ಕೆಂಪು ಚೆಲ್ಲಿ, ನೂರಾರು ವೈರಸ್ ಸಿಕ್ಕಿವೆ, ಈಗಲೇ ದುಡ್ಡು ಕಟ್ಟಿ ಎಂದು ಬೊಬ್ಬೆ ಹೊಡೆಯಿತು. ಅದು ಆಂಟಿವೈರಸ್ಸೋ ವೈರಸ್ಸೋ ಅವಳಿಗೆ ತಿಳಿಯಲಿಲ್ಲ!

ಕೊನೆಗೆ, ಥಾಣೆಯ ಘೋಡಬಂದರ್ ರಸ್ತೆಯ ಮಾಲಿನಿಂದ ಹಿಂದಿನ ದಿನವೇ ಇರಲಿ ಎಂದು ತಂದಿಟ್ಟಿದ್ದ ಹೊಸ ಡಬ್ಬಿಯನ್ನು ತೆಗೆದಳು. ಚಿನ್ಮಯ್‌ನ ಮಾತು ಬಂದೀತೆಂದು ವಸಂತಕುಮಾರನ ಅಂಗಡಿಗೆ ಹೋಗುವ ಧೈರ್ಯ ಆಗಿರಲಿಲ್ಲ. ಆ ಸಿಡಿ ಹಾಕಿದರೆ, ಮೊದಲು ಹಳೆಯದನ್ನು ತೆಗೆಯಿರಿ ಎಂದಿತು. ಹಳೆಯದನ್ನು ತೆಗೆಯಲು ಹೊರಟರೆ ಹಸಿರು ಪಟ್ಟಿ ತುದಿಯವರೆಗೆ ಬಂದು ನಿಂತುಬಿಟ್ಟಿತು. ಮತ್ತೆ ಮಾಡಿದಳು. ಮತ್ತೆ ಅಲ್ಲೇ ನಿಂತಿತು.

ಹೊಸದು ಒಳಗೆ ಬರುವುದಿಲ್ಲ. ಹಳೆಯದು ಉಳಿಯುವುದಿಲ್ಲ. ಹೋಗುವುದೂ ಇಲ್ಲ.

ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಇಂಚರ ಬಾಗಿಲಲ್ಲಿ ನಿಂತಿದ್ದಳು. “ದೀದಿ, ಚಿನ್ಮಯ್ ಕೋ ಫೋನ್ ಕರ್ ನಾ. ದೋ ಮಿನಿಟ್ ಕಾ ಕಾಮ್ ಹೈ.”

“ಅವರ ಹೆಸರು ಎತ್ತಬೇಡ!”

“ತೋ ಫಿರ್ ಕಂಪ್ಯೂಟರ್ ಕೇ ಲಿಯೇ ಕೌನ್ ಇತ್ನಾ ರೋತಾ ಹೈ?”

ಕಂಪ್ಯೂಟರಿಗಾಗಿ ಯಾರು ಇಷ್ಟು ಅಳುತ್ತಾರೆ ಎಂಬ ಆ ಪ್ರಶ್ನೆಯನ್ನು ಪ್ರಣೀತಾ ಕೇಳದವಳಂತೆ ಬದಿಗೊತ್ತಿದಳು. ಕಣ್ಣೊರೆಸಿಕೊಂಡು ಮತ್ತೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದಳು. ಒಂದೇ ಸಂಗೀತ ಸುತ್ತಿ ಸುತ್ತಿ ಬಂದು ಸಾಕಾದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಹಳೆಯದನ್ನು ಬೇರುಸಹಿತ ಕಿತ್ತುಹಾಕುವ ಒಂದು ಟೂಲ್ ಕಳಿಸುತ್ತೇನೆ, ಮೊದಲು ನಿಮ್ಮ ಕಂಪ್ಯೂಟರಿನ ಹೆಸರು ಓದಿ ಹೇಳಿ ಎಂದು ಹಿಂದಿಯಲ್ಲಿ ಹೇಳಿದಳು.

“ಪ್ರಣೀತಾ,” ಎಂದಳು ಇವಳು.

“ಆಪ್ ಕಾ ನಹೀಂ ಮ್ಯಾಡಮ್, ಕಂಪ್ಯೂಟರ್ ಕಾ. ಮೈ ಕಂಪ್ಯೂಟರ್ ಪರ್ ರೈಟ್ ಕ್ಲಿಕ್ ಕೀಜಿಯೇ... ಪ್ರಾಪರ್ಟೀಸ್... ಕ್ಯಾ ಲಿಖಾ ಹೈ?”

ಪ್ರಣೀತಾ ಓದಲು ಬಾಯಿ ತೆರೆದಳು.

ಮಾನ್ಯಾ.

ಮತ್ತೆ ಓದಿದಳು. ಬೆರಳಿಟ್ಟು ಓದಿದಳು. ಮಾನ್ಯಾ!

“ಹಲೋ? ಮ್ಯಾಡಮ್? ಲೈನ್ ಪರ್ ಹೈಂ ಆಪ್?”

“ಇದು... ಈ ಹೆಸರು... ಇಲ್ಲಿಗೆ ಹೇಗೆ ಬಂತು?” ಎಂದು ಅವಳು ಹಿಂದಿಯಲ್ಲಿ ತೊದಲಿದಳು.

ಹಾರ್ಡ್ ಡಿಸ್ಕ್ ಬದಲಾಯಿಸಿದ್ದಿರಾ ಎಂದು ಆ ಹುಡುಗಿ ಕೇಳಿದಳು. ಹೌದೆಂದಳು ಪ್ರಣೀತಾ. ಹಾಗಾದರೆ ಬೇರೆ ಯಾರದೋ ಕಂಪ್ಯೂಟರಿನಿಂದ ವಿಂಡೋಸ್ ನಕಲು ಮಾಡಿರಬೇಕು, ಅವರ ಹೆಸರೇ ಉಳಿದುಬಿಟ್ಟಿದೆ. ಪ್ರಣೀತಾ ಅಂತ ಇರುವುದು ನಿಮ್ಮ ಸತ್ತುಹೋದ ಡಿಸ್ಕ್, ನಮ್ಮ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಕಂಪ್ಯೂಟರ್. ತುಂಬಾ ಜನರಿಗೆ ಹೀಗಾಗುತ್ತದೆ ಮ್ಯಾಡಮ್...

ಫೋನ್ ಕೈಯಿಂದ ಜಾರಿ ಮಡಿಲಿಗೆ ಬಿತ್ತು.

ಮಾನ್ಯಾ ಅವಳ ಮೇಜಿನ ಮೇಲೇ ಕೂತಿದ್ದಳು. ದಿನವೂ ಅವಳ ಬೆರಳಿನ ಕೆಳಗೇ ಇದ್ದಳು. ಪ್ರಣೀತಾ ಅವಳ ಮುಂದೆಯೇ ಕೂತು ಅತ್ತಿದ್ದಳು!

ಚಿನ್ಮಯ್‌ನ ನಂಬರ್ ಒತ್ತಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ... ಮತ್ತೆ... ಎತ್ತಲಿಲ್ಲ. ವಸಂತಕುಮಾರನಿಗೆ ಹಚ್ಚಿದಳು.

“ಚಿನ್ಮಯ್ ಅವರೇನ್ರಿ? ಇವತ್ತ ಮನಿ ಖಾಲಿ ಮಾಡಾಕತ್ತಾರಲ್ರಿ. ನಾಳೆ ನೋಯ್ಡಾಕ್ಕ ಹೊಂಟಾರ, ಟ್ರಾನ್ಸ್‌ಫರ್. ನಿಮಗ ಹೇಳಿಲ್ಲೇನು?”

“ಮನೆ... ಮನೆ ಎಲ್ಲಿ ವಸಂತಣ್ಣ?”

ಆ ದನಿ ಕೇಳಿ ಅವನು ಮತ್ತೇನೂ ಕೇಳಲಿಲ್ಲ. “ಖಾರಘರ ಸ್ಟೇಷನ್ನಿಂದ ರಿಕ್ಷಾ ಹಿಡೀರಿ ಅಕ್ಕಾರ, ಬಿಲ್ಡಿಂಗಿನ ಹೆಸರ ಮೆಸೇಜ್ ಮಾಡತೀನಿ. ಲಗೂನ ಹೋಗ್ರಿ!”

ಡೊಂಬಿವಲಿಯಿಂದ ಲೋಕಲ್ ಹಿಡಿದು ಥಾಣೆಯಲ್ಲಿ ಇಳಿದು, ಓಡಿ, ಖಾರಘರದ ಮೇಲೆ ಹೋಗುವ ಪನವೇಲ್ ಟ್ರೇನು ಹತ್ತಿದಳು. ಬಾಗಿಲ ಪಕ್ಕದ ಕಂಬಕ್ಕೆ ಹಣೆ ಒತ್ತಿ ನಿಂತಳು.

ಅವಳ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಡಾಕ್ಟರ ಮಾತು ಕೇಳಿಸದ ಕಡೆ ಊಹಿಸಿ ಬರೆಯುವಂತಿಲ್ಲ. ಜಾಗ ಖಾಲಿ ಬಿಟ್ಟು ಅವರನ್ನೇ ಕೇಳಬೇಕು. ಊಹಿಸಿದ ಒಂದು ಪದ ರೋಗಿಯ ಜೀವ ತೆಗೆಯಬಹುದು. ಕೆಲಸದಲ್ಲಿ ಅವಳು ಒಮ್ಮೆಯೂ ಊಹಿಸಿದವಳಲ್ಲ. ಅವನ ವಿಷಯದಲ್ಲಿ ಮಾತ್ರ... ಆ ಸೇತುವೆಯ ಮೇಲೆ ಅವನು ಖಾಲಿ ಬಿಟ್ಟ ಜಾಗವನ್ನೆಲ್ಲ ತಾನೇ ತುಂಬಿಬಿಟ್ಟಿದ್ದಳು.

‘ಹೋಗಿಬಿಟ್ಟಿದ್ದರೆ? ದೇವರೇ, ಹೋಗಿಬಿಟ್ಟಿದ್ದರೆ?’

ಬಿಲ್ಡಿಂಗಿನ ಗೇಟಿನಲ್ಲಿ ಟೆಂಪೋ ನಿಂತಿತ್ತು. ಹಿಂದೆ ಒಂದು ಮಂಚ, ಕಟ್ಟಿದ ಹಾಸಿಗೆ, ಒಂದು ಕುರ್ಚಿ. ಅದರ ಪಕ್ಕದಲ್ಲಿ ಹಗ್ಗ ಬಿಗಿಯುತ್ತಿದ್ದವನು ಚಿನ್ಮಯ್. ಸೊರಗಿದ್ದ. ಅವಳನ್ನು ಕಂಡು ಹಗ್ಗ ಅವನ ಕೈಯಲ್ಲೇ ಸಡಿಲವಾಯಿತು.

“ಯಾಕ್ ಬಂದೆ?”

“ಫೋನ್ ಎತ್ತಿದ್ದರೆ ಬರ್ತಿರ್ಲಿಲ್ಲ!” ಎಂದವಳಿಗೆ ಉಸಿರೇ ಸಾಲಲಿಲ್ಲ. “ಮಾನ್ಯಾ ಸಿಕ್ಕಿದಳು.”

ಅವನ ಮುಖ ಗಟ್ಟಿಯಾಯಿತು. “ಅದಕ್ಕೋಸ್ಕರ ಇಷ್ಟು ದೂರ ಬಂದ್ಯಾ? ಯಾರಂತೆ?”

“ನನ್ನ ಕಂಪ್ಯೂಟರ್.”

ಉಲ್ಹಾಸನಗರ, ಸತ್ತ ಡಿಸ್ಕ್, ನಕಲು ವಿಂಡೋಸ್... ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅರ್ಧ ಅಳುತ್ತ ಹೇಳಿದಳು. ಮುಗಿಸಿದ ಮೇಲೆ ಬಾಯಿಮುಚ್ಚಿ ನಿಂತಳು. ಈ ಸಲ ಅವನ ಮೌನಕ್ಕೆ ಏನನ್ನೂ ತುಂಬಲಿಲ್ಲ. ಕಾದಳು.

ಅವನು ಟೆಂಪೋದ ಹಲಗೆಯ ಮೇಲೆ ಕುಸಿದು ಕೂತ.

“ನಾನು ಏನಂದ್ಕೊಂಡೆ ಗೊತ್ತಾ? ನೀನೇ ಯಾರೋ ಫ್ರೆಂಡಿಗೆ ಕೊಟ್ಟು, ಅದನ್ನ ನನ್ ಮೇಲೆ ಹಾಕಿ, ಬಿಟ್ ಹೋಗೋಕೆ ದಾರಿ ಹುಡುಕ್ತಿದೀಯ ಅಂತ. ನಿಮ್ಮನೇಲಿ ಆಗ ಥಾಣೆ ಹೋಟ್ಲಿನವರ ಸಂಬಂಧ ನೋಡ್ತಿದ್ರು. ಇಂಚರ ಹೇಳಿದ್ಲು.”

“ಅವರಿಗೆ ಬೇಡ ಅಂತ ಹೇಳಿಯಾಗಿತ್ತು!” ಅವಳ ದನಿ ಒಡೆಯಿತು. “ಅಮ್ಮನ ಹತ್ತಿರ ಜಗಳ ಮಾಡಿ ಬೇಡ ಅಂದದ್ದು ನಾನು. ಅದನ್ನು ಹೇಳ್ಲಿಕ್ಕೆ ಅಂತಲೇ ಆ ದಿನ ಸೇತುವೆಗೆ ಬಂದದ್ದು. ಬರುವ ಮೊದಲು ಆ ಹೆಸರು ಕೇಳಿ... ಎಲ್ಲ ಮರೆತುಹೋಯ್ತು.”

“ನೀನು ಹೇಳ್ಲಿಲ್ಲ.”

“ನೀವು ಕೇಳ್ಲಿಲ್ಲ.”

ಇಬ್ಬರ ಕಣ್ಣೂ ತುಂಬಿತ್ತು. ಟೆಂಪೋದವನು ತಲೆ ಹೊರಹಾಕಿದ. “ಸಾಬ್, ಚಲೇಂ ಕ್ಯಾ?”

“ರುಕೋ!” ಇಬ್ಬರೂ ಒಟ್ಟಿಗೇ ಕೂಗಿದರು. ಅವನು ಬೆಚ್ಚಿ ತಲೆ ಒಳಗೆಳೆದುಕೊಂಡ.

“ಟ್ರಾನ್ಸ್‌ಫರ್ ನಾನೇ ಕೇಳಿ ತಗೊಂಡಿದ್ದು,” ಎಂದ ಚಿನ್ಮಯ್. “ಡೊಂಬಿವಲಿ ಅಂತ ಬೋರ್ಡ್ ಇರೋ ಟ್ರೇನ್ ನೋಡೋಕೂ ಆಗ್ತಿರ್ಲಿಲ್ಲ. ಈಗ ಬೇಡ ಅಂದ್ರೆ ಕೇಳಲ್ಲ ಅವ್ರು. ಕೆಲವು ತಿಂಗಳಾದ್ರೂ ಇದ್ದು ಬರ್ಲೇಬೇಕು.”

ಹೋಗಬೇಡಿ ಎನ್ನಬೇಕೆನಿಸಿತು ಅವಳಿಗೆ. ಆದರೂ ಹೇಳಿದಳು. “ಹೋಗಿ ಬನ್ನಿ. ಸುಮ್ಮನೆ ಹೋಗಬೇಡಿ, ಅಷ್ಟೇ.”

ಅವನು ಎದ್ದು ಅವಳ ಹತ್ತಿರ ಬಂದ. ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿದ.

“ಟ್ರೇನಿರೋದು ನಾಳೆ. ಇವತ್ತು ಸಂಜೆ ನಿಮ್ಮನೆಗೆ ಬರ್ಲಾ?”

“ಬಂದು ಎಂತ ಹೇಳ್ತೀರಿ?”

“ಕಂಪ್ಯೂಟರ್ ನೋಡೋಕೆ ಬಂದೆ ಅಂತ...”

“ಆಹಾ! ಹಾಗಾದರೆ ಬರುವುದೇ ಬೇಡ.”

“ಮತ್ತೇನ್ ಹೇಳ್ಬೇಕು? ನೀನೇ ಹೇಳ್ಕೊಡು.”

“ನಿಮ್ಮ ಮಗಳು ನನಗೆ ಬೇಕು, ನೋಯ್ಡಾದಿಂದ ಬಂದ ಕೂಡಲೇ ಮದುವೆ ಮಾಡಿಕೊಡಿ ಅಂತ ಹೇಳಿ.”

“ಅಷ್ಟೊಂದಾ?”

“ಅಷ್ಟೂ. ಒಂದಕ್ಷರ ನುಂಗುವ ಹಾಗಿಲ್ಲ.”

ಅವನು ಗಂಟಲು ಸರಿಮಾಡಿಕೊಂಡ. ರಸ್ತೆ, ಟೆಂಪೋ, ಕಿಟಕಿಗಳಲ್ಲಿ ನಿಂತು ನೋಡುತ್ತಿದ್ದವರು, ಯಾವುದನ್ನೂ ಲೆಕ್ಕಿಸದೆ ಅವಳ ಎರಡೂ ಕೈ ಹಿಡಿದುಕೊಂಡ.

“ನಿಮ್ಮ ಮಗಳು ನಂಗೆ ಬೇಕು...” ಎಂದು ನಿಂತ. “ಮುಂದಿಂದು ಮರ್ತೋಯ್ತು ಕಣೇ.”

“ಪರವಾಗಿಲ್ಲ,” ಎಂದಳು ಪ್ರಣೀತಾ, ಅವನ ಎದೆಗೆ ಹಣೆಯಿಟ್ಟು. “ಮುಂದಿನದು ನಾನು ಹೇಳ್ತೇನೆ.”